ಕುರ್ಚಿಯಲ್ಲಿ ಕೂತ ಹೆಂಡತಿ

ಫರ್ನಾಂ ಲೆಜೆ ಎಂಬ ಫ್ರೆಂಚ್ ಚಿತ್ರಕಾರ 1911-12ರಲ್ಲಿ ಒಂದು ಮದುವೆಯ ಚಿತ್ರ ಬರೆದ. ಚಿತ್ರದ ಹೆಸರೇ ‘ಮದುವೆ’. ಎರಡೂವರೆ ಮೀಟರಿಗಿಂತ ಎತ್ತರ, ಎರಡು ಮೀಟರಿಗಿಂತ ಅಗಲ ಇರುವ ಭಾರೀ ಕ್ಯಾನ್ವಾಸು. ಈಗ ಪ್ಯಾರಿಸ್ಸಿನ ಪಾಂಪಿಡು ಕೇಂದ್ರದ ಸಂಗ್ರಹದಲ್ಲಿದೆ. ಅದರಲ್ಲಿ ಮೆರವಣಿಗೆ ಇದೆ, ಮನೆಗಳಿವೆ, ಮರಗಳಿವೆ, ಜನರ ಮುಖ ಮತ್ತು ಕೈಗಳ ಚೂರುಗಳು ತುಂಬಿ ತುಳುಕುತ್ತಿವೆ. ಮದುಮಕ್ಕಳನ್ನು ಮಾತ್ರ ಹುಡುಕಬೇಕು. ನಡುವೆ ಎಲ್ಲೋ ಒಂದು ತಿಳಿಬಣ್ಣದ ಪಟ್ಟಿ ಕಾಣುತ್ತದೆ, ಅದೇ ಮದುಮಗಳ ಬಟ್ಟೆ ಇರಬೇಕು ಅಂದುಕೊಳ್ಳಬೇಕು. ನಮ್ಮ ಕಡೆ ಧಾರೆಯ ಹೊತ್ತಿನಲ್ಲಿ ಮಂಟಪದ ಎದುರು ಕೂತವರಿಗೆ ಫೋಟೋದವರ, ವಿಡಿಯೋದವರ ಬೆನ್ನು ಮಾತ್ರ ಕಾಣುತ್ತದಲ್ಲ, ಹಾಗೆ.

ಮದುವೆಯ ದಿನ ಇಷ್ಟೆಲ್ಲ ಜನ. ಲೆಜೆಯಂಥವರನ್ನು ಕ್ಯೂಬಿಸ್ಟರು ಅನ್ನುತ್ತಾರೆ, ಅಂದರೆ ಕಂಡದ್ದನ್ನು ಚೂರು ಮಾಡಿ, ಹಲವು ಕಡೆಯಿಂದ ಒಟ್ಟಿಗೆ ನೋಡಿದ ಹಾಗೆ ಬರೆದವರು. ಮದುವೆ ಆದ ಮೇಲಿನ ಕಥೆಯನ್ನು ಅವರು ಹೇಗೆ ಬರೆದರು ಅಂತ ನೋಡಹೊರಟರೆ ಕೋಣೆ ಖಾಲಿ. ಒಂದು ಕುರ್ಚಿ, ಅದರಲ್ಲಿ ಹೆಂಡತಿ. ಗಂಡ ಚಿತ್ರದ ಹೊರಗೆ, ಬ್ರಶ್ ಹಿಡಿದು ನಿಂತಿದ್ದಾನೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಇರುವ ಕ್ಯೂಬಿಸ್ಟ್ ಚಿತ್ರಗಳು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ದಾಂಪತ್ಯ ಆ ಚಿತ್ರದಲ್ಲಿ ಎಲ್ಲಿದೆ? ನನಗೆ ಇದರ ಬಗ್ಗೆ ಒಂದು ಅಭಿಪ್ರಾಯ ಬಂದದ್ದು ಹ್ವಾನ್ ಗ್ರಿಸ್ ಬರೆದ ಒಂದು ಚಿತ್ರದಿಂದ. ಅದರ ಹೆಸರು ‘ಮದಾಂ ಜೋಸೆಟ್ ಗ್ರಿಸ್‌ರ ಭಾವಚಿತ್ರ’. 1916ರ ಅಕ್ಟೋಬರ್‌ನದು. ಮ್ಯಾಡ್ರಿಡ್‌ನ ರೇನಾ ಸೋಫಿಯಾ ಮ್ಯೂಸಿಯಂನಲ್ಲಿದೆ, ಪಿಕಾಸೊನ ‘ಗೆರ್ನಿಕಾ’ ಇರುವ ಜಾಗ. ಅಲ್ಲಿಗೆ ಹೋದವರು ಗೆರ್ನಿಕಾ ಎದುರು ಗುಂಪುಗೂಡುತ್ತಾರೆ. ನಾನಂತೂ ಹೋದವನಲ್ಲ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದವನು.

ಗ್ರಿಸ್ ಸ್ಪೇನಿನವನು. ನಿಜವಾದ ಹೆಸರು ಹೊಸೆ ವಿಕ್ಟೋರಿಯಾನೊ ಗೊನ್ಸಾಲೆಸ್. 1906ರಲ್ಲಿ, ಹತ್ತೊಂಬತ್ತು ವರ್ಷದವನಿದ್ದಾಗ, ಪ್ಯಾರಿಸ್ಸಿಗೆ ಬಂದ. ಸ್ಪೇನಿನಲ್ಲಿ ಕಡ್ಡಾಯ ಸೈನ್ಯಸೇವೆ ಇತ್ತು, ಅದನ್ನು ತಪ್ಪಿಸಿಕೊಂಡು ಬಂದವನಾದ್ದರಿಂದ ಮತ್ತೆ ಊರಿಗೆ ಹೋಗುವ ಹಾಗಿರಲಿಲ್ಲ. ಪಿಕಾಸೊ ಇದ್ದ ಅದೇ ಹಳೇ ಕಟ್ಟಡದಲ್ಲಿ, ಮೋಂಮಾರ್ತ್ರ್‌ನ ‘ಬಾತೋ ಲಾವ್ವಾರ್’ನಲ್ಲಿ, ಒಂದು ಕೋಣೆ ಹಿಡಿದ. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು ಹೊಟ್ಟೆ ಹೊರೆದ. ಮೊದಲ ಸಂಬಂಧದಲ್ಲಿ 1909ರಲ್ಲಿ ಒಬ್ಬ ಮಗ ಹುಟ್ಟಿದ. ಸಾಕಲು ಆಗದೆ ಮಗುವನ್ನು ಮ್ಯಾಡ್ರಿಡ್‌ನ ತನ್ನ ಮನೆಯವರ ಹತ್ತಿರ ಬಿಟ್ಟ. ಜೋಸೆಟ್ ಅವನ ಬಾಳಿಗೆ ಬಂದದ್ದು 1913-14ರ ಹೊತ್ತಿಗೆ. ಇಬ್ಬರೂ ಅಧಿಕೃತವಾಗಿ ಮದುವೆ ಆದವರಲ್ಲ. ಆದರೂ ಎಲ್ಲರಿಗೂ ಆಕೆ ಮದಾಂ ಗ್ರಿಸ್ಸೇ. ಅವನು 1927ರಲ್ಲಿ ಸಾಯುವವರೆಗೂ ಜೊತೆಗಿದ್ದಳು. ರಿಜಿಸ್ಟರಿನಲ್ಲಿ ಸಹಿ ಇಲ್ಲ ಅಂತ ನಾನು ಇದನ್ನು ದಾಂಪತ್ಯದ ಲೆಕ್ಕದಿಂದ ಬಿಡುವುದಿಲ್ಲ.

ಇವರು ಜೊತೆಗೂಡಿ ಸ್ವಲ್ಪ ಕಾಲ ಆಗುವಷ್ಟರಲ್ಲಿ ಯುದ್ಧ ಶುರುವಾಯಿತು. ಗ್ರಿಸ್‌ನ ಚಿತ್ರಗಳನ್ನು ಕೊಳ್ಳುತ್ತಿದ್ದವನು ಕಾನ್‌ವೈಲರ್ ಎಂಬ ವ್ಯಾಪಾರಿ. ಅವನು ಜರ್ಮನ್. 1914ರಲ್ಲಿ ಯುದ್ಧ ಘೋಷಣೆ ಆದಾಗ ಅವನು ಫ್ರಾನ್ಸ್‌ನಲ್ಲಿ ಇರಲಿಲ್ಲ, ವಾಪಸ್ ಬರುವ ಹಾಗೂ ಇರಲಿಲ್ಲ. ಅವನ ಅಂಗಡಿಯ ಮಾಲನ್ನೆಲ್ಲ ಫ್ರೆಂಚ್ ಸರ್ಕಾರ ಶತ್ರುವಿನ ಆಸ್ತಿ ಅಂತ ಜಪ್ತಿ ಮಾಡಿತು. ತಿಂಗಳು ತಿಂಗಳು ಬರುತ್ತಿದ್ದ ದುಡ್ಡು ನಿಂತಿತು. ಗ್ರಿಸ್ ಮತ್ತು ಜೋಸೆಟ್ ಆಗ ದಕ್ಷಿಣದ ಕೊಲಿಯೂರ್ ಊರಲ್ಲಿದ್ದರು. ಚಿತ್ರಕಾರ ಮಾತೀಸ್ ಮತ್ತು ಲೇಖಕಿ ಗರ್ಟ್ರೂಡ್ ಸ್ಟೈನ್ ಏನಾದರೂ ಸಹಾಯ ಮಾಡೋಣ ಅಂತ ಓಡಾಡಿದರು. ಅಂತೂ ದಿನ ತಳ್ಳಿದರು. ಆಮೇಲೆ ಲಿಯೋನ್ಸ್ ರೋಸೆನ್‌ಬರ್ಗ್ ಎಂಬ ಇನ್ನೊಬ್ಬ ವ್ಯಾಪಾರಿ ಕೊಳ್ಳಲು ಶುರುಮಾಡಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. 1916ರ ಶರತ್ಕಾಲದಲ್ಲಿ ಇಬ್ಬರೂ ಪ್ಯಾರಿಸ್ ಬಿಟ್ಟು ಲೋಶ್ ಪಕ್ಕದ ಬೋಲಿಯೂ ಊರಿಗೆ ಹೋದರು. ಅದು ಜೋಸೆಟ್‌ಳ ತವರಿನ ಕಡೆ. ಚಿತ್ರ ಅದೇ ಕಾಲದ್ದು.

ಈಗ ಚಿತ್ರಕ್ಕೆ ಬರೋಣ. ಮರದ ಹಲಗೆಯ ಮೇಲೆ ತೈಲವರ್ಣ. ಎತ್ತರ 116 ಸೆಂಟಿಮೀಟರ್, ಅಗಲ 73. ಒಬ್ಬಳು ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಕೈ ಇಟ್ಟುಕೊಂಡಿದ್ದಾಳೆ. ಇಷ್ಟು ನೋಡಿದ ಕೂಡಲೇ ಗೊತ್ತಾಗುತ್ತದೆ. ಕ್ಯೂಬಿಸ್ಟ್ ಚಿತ್ರ ಅಂದರೆ ಏನೂ ತಿಳಿಯುವುದಿಲ್ಲ ಎಂಬ ಭಯ ಇದ್ದವರಿಗೂ ಇದು ಭಯ ಹುಟ್ಟಿಸುವುದಿಲ್ಲ. ಕಪ್ಪು, ಬೂದು, ಕಂದು, ಮಣ್ಣಿನ ಬಣ್ಣಗಳು. ಬಣ್ಣಗಳನ್ನು ಚಪ್ಪಟೆ ಹಾಳೆಗಳ ಹಾಗೆ ಒಂದರ ಮೇಲೊಂದು ಜೋಡಿಸಿದ್ದಾನೆ. ಮುಖವೂ ಅಂಥ ಎರಡು ಮೂರು ಹಾಳೆಗಳೇ. ನೇರ ನೋಟ ಮತ್ತು ಪಕ್ಕದ ನೋಟ ಅಲ್ಲಿ ಒಂದೇ ಜಾಗದಲ್ಲಿವೆ.

ಆ ಮುಖದಲ್ಲಿ ಭಾವ ಇಲ್ಲ. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಗಂಡ ಹೆಂಡತಿ ಹೇಗಿದ್ದಾರೆ ಅಂತ ತಿಳಿಯಲು ನಾವು ಮೊದಲು ನೋಡುವುದೇ ಮುಖ. ನಗುತ್ತಿದ್ದಾಳಾ, ಮುಖ ಊದಿಸಿಕೊಂಡಿದ್ದಾಳಾ, ಅವನ ಕಡೆ ನೋಡುತ್ತಿದ್ದಾಳಾ, ಬೇರೆ ಎಲ್ಲೋ ನೋಡುತ್ತಿದ್ದಾಳಾ? ಗ್ರಿಸ್ ಈ ದಾರಿಯನ್ನೇ ಮುಚ್ಚಿಬಿಟ್ಟ. ಖುಷಿಯಲ್ಲಿದ್ದಳೋ ಬೇಜಾರಲ್ಲಿದ್ದಳೋ ಈ ಮುಖದಿಂದ ಯಾರೂ ಹೇಳಲಾರರು. ಆಗ ಕಣ್ಣು ಬೇರೆ ಕಡೆ ಹೋಗಲೇಬೇಕು. ಭುಜದ ಅಂಚು, ಕೈ, ಕುರ್ಚಿಯ ಬೆನ್ನು, ಹಿಂದಿನ ಗೋಡೆ.

ಆ ಅಂಚುಗಳಲ್ಲೇ ಎಲ್ಲ ಇದೆ ಅಂತ ನನಗೆ ಅನಿಸುತ್ತದೆ. ಒಂದು ಗೆರೆಯನ್ನು ಬೆರಳಿನಲ್ಲಿ ಹಿಡಿದು ಹೋದರೆ ಅದು ಅವಳ ಮೈಯ ಗೆರೆಯಾಗಿ ಶುರುವಾಗಿ ಯಾವಾಗಲೋ ಗೋಡೆಯ ಗೆರೆಯಾಗಿರುತ್ತದೆ. ಒಂದು ಕಪ್ಪು ಹಾಳೆ ಅವಳ ಬಟ್ಟೆಯೋ ನೆರಳೋ ಹೇಳುವುದು ಕಷ್ಟ. ಕುರ್ಚಿ ಎಲ್ಲಿ ಮುಗಿಯಿತು, ಅವಳು ಎಲ್ಲಿ ಶುರುವಾದಳು ಅಂತ ಗಡಿ ಹಾಕಲು ಹೋದರೆ ಸೋಲುತ್ತೀರಿ. ಹಳೆಯ ಭಾವಚಿತ್ರಗಳಲ್ಲಿ ಮನುಷ್ಯ ಮುಂದೆ, ಕೋಣೆ ಹಿಂದೆ. ಇಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ. ಅವಳನ್ನು ಆ ಕೋಣೆಯಿಂದ ಎಬ್ಬಿಸಿ ಕಳಿಸಿದರೆ ಗೋಡೆಯ ಅರ್ಧವೂ ಅವಳ ಜೊತೆ ಎದ್ದು ಹೋಗುತ್ತದೆ.

ಒಂದು ಮನೆಯಲ್ಲಿ ಕೂಡಿ ಬಾಳುವವರು ಒಬ್ಬರನ್ನೊಬ್ಬರು ಎದುರು ಕೂತು ದಿಟ್ಟಿಸಿ ನೋಡುವುದು ತೀರಾ ಕಡಿಮೆ, ಅಲ್ವಾ? ಹೊಸದರಲ್ಲಿ ನೋಡುತ್ತಾರೆ. ಆಮೇಲೆ ನೋಡುವುದು ಹಾದು ಹೋಗುವಾಗ, ಪಕ್ಕದಿಂದ, ಹಿಂದಿನಿಂದ, ಬಾಗಿಲ ಸಂದಿಯಿಂದ. ಅವರು ಯಾವ ಕುರ್ಚಿಯಲ್ಲಿ ಕೂರುತ್ತಾರೆ, ಬೇಜಾರಾದಾಗ ಎಲ್ಲಿ ಹೋಗಿ ನಿಲ್ಲುತ್ತಾರೆ ಎಂಬುದೆಲ್ಲ ಗೊತ್ತಿರುತ್ತದೆ. ‘ನಿಮ್ಮ ಹೆಂಡತಿಯ ಕಿವಿ ಹೇಗಿದೆ ಹೇಳಿ’ ಅಂದರೆ ತಡವರಿಸುತ್ತೇವೆ. ಒಂದೇ ಕಡೆ ನಿಂತು ಒಂದೇ ಗಳಿಗೆಯಲ್ಲಿ ಕಂಡದ್ದನ್ನು ಬರೆಯುವ ಹಳೇ ಪದ್ಧತಿ ಅಪರಿಚಿತರಿಗೆ ಸರಿ. ಎರಡು ಮೂರು ವರ್ಷ ಒಂದೇ ಕೋಣೆಯಲ್ಲಿ ಜೊತೆಗಿದ್ದವಳನ್ನು ಹಾಗೆ ಬರೆದರೆ ಅರ್ಧ ಸುಳ್ಳಾಗುತ್ತದೆ. ಕ್ಯೂಬಿಸಂ ಬಗ್ಗೆ ಬರೆಯುವವರು ಜ್ಯಾಮಿತಿ, ನಾಲ್ಕನೇ ಆಯಾಮ ಅಂತೆಲ್ಲ ದೊಡ್ಡ ಮಾತು ಆಡುತ್ತಾರೆ. ನನಗೆ ಅದು ಸುಮ್ನೆ ಮನೆಯೊಳಗಿನ ನೋಟ ಅಂತ ಕಾಣುತ್ತದೆ.

ಗ್ರಿಸ್ ಕೆಲಸ ಮಾಡುತ್ತಿದ್ದ ಕ್ರಮವೂ ಇದಕ್ಕೆ ಹೊಂದುತ್ತದೆ. 1921ರಲ್ಲಿ ಒಂದು ಪತ್ರಿಕೆಗೆ ಅವನೇ ಹೇಳಿದ ಮಾತು ಇದು: ಸೆಜಾನ್ ಬಾಟಲಿಯಿಂದ ಸಿಲಿಂಡರ್ ಮಾಡುತ್ತಾನೆ, ನಾನು ಸಿಲಿಂಡರಿನಿಂದ ಬಾಟಲಿ ಮಾಡುತ್ತೇನೆ. ಅಂದರೆ ಮೊದಲು ಆಕಾರಗಳ ಜೋಡಣೆ, ಆಮೇಲೆ ಅದರೊಳಗೆ ವಸ್ತು ಮೂಡಬೇಕು. ಹಾಗಾದರೆ ಈ ಚಿತ್ರದಲ್ಲೂ ಮೊದಲು ಬಂದದ್ದು ಕಪ್ಪು ಬೂದು ಹಾಳೆಗಳು, ಹೆಂಡತಿ ಬಂದದ್ದು ಆಮೇಲೆ. ಹೆಂಡತಿಯ ಜಾಗದಲ್ಲಿ ನಿಂತು ಯೋಚಿಸಿದರೆ ಇದೇನು ಅಂಥ ಸಂತೋಷದ ಮಾತಲ್ಲ.

ಸೆಜಾನ್ ಹೆಸರು ಬಂತು. ಅವನನ್ನು ಬಿಟ್ಟು ಈ ಕಥೆ ಹೇಳಲು ಆಗುವುದಿಲ್ಲ. ಕ್ಯೂಬಿಸ್ಟರಿಗೆಲ್ಲ ಅವನೇ ಅಜ್ಜ. ಅವನು ಸತ್ತ ಮರುವರ್ಷ, 1907ರಲ್ಲಿ, ಪ್ಯಾರಿಸ್ಸಿನಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಪಿಕಾಸೊ, ಬ್ರಾಕ್‌ನಂಥವರ ತಲೆ ಕೆಡಿಸಿದ್ದು ಅವನ ಚಿತ್ರಗಳೇ. ಗ್ರಿಸ್ ಅಂತೂ ಸೆಜಾನ್ ಬರೆದ ಮದಾಂ ಸೆಜಾನ್‌ಳ ಭಾವಚಿತ್ರವನ್ನು ತನ್ನ ರೀತಿಯಲ್ಲಿ ಮತ್ತೆ ಬರೆದು ನೋಡಿದ. ಬೇರೊಬ್ಬನ ಹೆಂಡತಿಯ ಚಿತ್ರದಿಂದ ತನ್ನ ಹೆಂಡತಿಯನ್ನು ಬರೆಯುವುದು ಕಲಿತ ಅಂತ ತಮಾಷೆಗೆ ಹೇಳಬಹುದು.

ಮದಾಂ ಸೆಜಾನ್ ಅಂದರೆ ಓರ್ತಾನ್ಸ್ ಫಿಕೆ. 1869ರ ಹೊತ್ತಿಗೆ ಇಬ್ಬರ ಪರಿಚಯ. 1872ರಲ್ಲಿ ಮಗ ಹುಟ್ಟಿದ. ಸೆಜಾನ್‌ನ ಅಪ್ಪ ಬ್ಯಾಂಕ್ ಮಾಲೀಕ, ಮಗನಿಗೆ ತಿಂಗಳ ಖರ್ಚು ಕೊಡುತ್ತಿದ್ದವನು ಅವನೇ. ದುಡ್ಡು ನಿಂತರೆ ಎಂಬ ಹೆದರಿಕೆಗೆ ಹೆಂಡತಿ ಮಗುವನ್ನು ಸೆಜಾನ್ ವರ್ಷಗಟ್ಟಲೆ ಅಪ್ಪನಿಂದ ಮುಚ್ಚಿಟ್ಟ. ಮದುವೆ ಆದದ್ದು 1886ರ ಏಪ್ರಿಲ್‌ನಲ್ಲಿ, ಮಗನಿಗೆ ಹದಿನಾಲ್ಕು ವರ್ಷ ಆಗಿದ್ದಾಗ. ಅಷ್ಟು ಹೊತ್ತಿಗೆ ಸಂಬಂಧವೂ ಹಳಸಿತ್ತು. ಬಹಳ ಕಾಲ ಬೇರೆ ಬೇರೆ ಊರಲ್ಲೇ ಇದ್ದರು. ಸಾಯುವಾಗ ಅವನು ಆಸ್ತಿಯೆಲ್ಲ ಮಗನ ಹೆಸರಿಗೆ ಬರೆದ, ಹೆಂಡತಿಗೆ ಏನೂ ಇಡಲಿಲ್ಲ. ಇಷ್ಟಾದರೂ ಅವಳ 29 ತೈಲಚಿತ್ರಗಳನ್ನು ಬರೆದಿದ್ದಾನೆ!

ಆ ಚಿತ್ರಗಳಲ್ಲಿ ಬೋಸ್ಟನ್ ಮ್ಯೂಸಿಯಂನಲ್ಲಿರುವ ಕೆಂಪು ಕುರ್ಚಿಯದು ಹೆಚ್ಚು ಪ್ರಸಿದ್ಧ. ಪಟ್ಟೆ ಪಟ್ಟೆ ಲಂಗ ಹಾಕಿ, ಕೈಬೆರಳು ಹೆಣೆದು ಕೂತಿದ್ದಾಳೆ. ನಗು ಇಲ್ಲ. ಉಳಿದ ಚಿತ್ರಗಳಲ್ಲೂ ನಗು ಇಲ್ಲ. ಇದನ್ನು ನೋಡಿ ನೋಡಿ ವಿಮರ್ಶಕರು ಒಂದು ತೀರ್ಮಾನಕ್ಕೆ ಬಂದರು: ಓರ್ತಾನ್ಸ್ ಗಂಟುಮುಖದವಳು, ಗಂಡನ ಕಲೆ ಅರ್ಥ ಆಗದವಳು, ಬಟ್ಟೆಬರೆಯ ಹುಚ್ಚಿನವಳು. ಗಂಡನ ಗೆಳೆಯರೂ ಬೆನ್ನ ಹಿಂದೆ ಆಡಿಕೊಂಡರು. ನೂರು ವರ್ಷ ಈ ಮಾತು ಕಲೆಯ ಪುಸ್ತಕಗಳಲ್ಲಿ ಓಡಾಡಿತು.

ನನಗೆ ಈ ತೀರ್ಮಾನ ಓದಿದಾಗೆಲ್ಲ ಸಿಟ್ಟು ಬರುತ್ತದೆ. ಸೆಜಾನ್ ಎದುರು ಕೂರುವುದು ಎಂಥ ಶಿಕ್ಷೆ ಅಂತ ವೊಲಾರ್ ಎಂಬ ವ್ಯಾಪಾರಿ ಬರೆದಿಟ್ಟಿದ್ದಾನೆ. ತನ್ನ ಒಂದು ಭಾವಚಿತ್ರಕ್ಕೆ ಅವನು 115 ಸಲ ಕೂತನಂತೆ. ಒಮ್ಮೆ ತೂಕಡಿಸಿ ಬಿದ್ದಾಗ ಸೆಜಾನ್ ರೇಗಿದನಂತೆ: ಸೇಬಿನ ಹಾಗೆ ಕೂರಬೇಕು, ಸೇಬು ಅಲ್ಲಾಡುತ್ತದೆಯೇ? ಇಷ್ಟೆಲ್ಲ ಆದ ಮೇಲೆ ಆ ಚಿತ್ರ ಮುಗಿಯಲೂ ಇಲ್ಲ. ದುಡ್ಡಿರುವ ವ್ಯಾಪಾರಿಗೇ ಈ ಗತಿ. ಹೆಂಡತಿ 29 ಚಿತ್ರಗಳಿಗೆ ಕೂತಳು. ಅದೂ ಪುಟ್ಟ ಮಗು ಇದ್ದ ಕಾಲದಿಂದ ಹಿಡಿದು ಇಪ್ಪತ್ತು ವರ್ಷ. ಆ ಮುಖದಲ್ಲಿರುವುದು ಸಿಡುಕು ಅಂತ ಯಾಕೆ ಅನ್ನಬೇಕು? ಸುಸ್ತು ಅನ್ನಬಹುದು. ಮನಸ್ಸು ಎಲ್ಲೋ ಇಟ್ಟು ಮೈ ಇಲ್ಲಿ ಬಿಟ್ಟು ಕೂರುವ ಕಲೆ ಅನ್ನಬಹುದು. ಕುರ್ಚಿಯಲ್ಲಿ ಕೂರುವುದೂ ಒಂದು ದುಡಿಮೆ, ಸಂಬಳ ಇಲ್ಲದ್ದು. ಮುಖ ಕಾಣುವ ಹಾಗೆ ಬರೆದದ್ದೇ ಅವಳಿಗೆ ಮುಳುವಾಯಿತು. ಮುಖ ಕಂಡರೆ ಸಾಕು, ನಾವು ತೀರ್ಪು ಕೊಟ್ಟುಬಿಡುತ್ತೇವೆ. ಗ್ರಿಸ್ ಬರೆದ ಜೋಸೆಟ್‌ಗೆ ಆ ಕಷ್ಟ ಬರಲಿಲ್ಲ. ಅವಳನ್ನು ಗಂಟುಮುಖಿ ಅಂತ ಯಾರೂ ಕರೆಯಲು ಆಗುವುದಿಲ್ಲ.

ಇನ್ನು ಮೂರನೆಯ ಕುರ್ಚಿ. ಇದೂ 1916ರದ್ದೇ, ಆದ್ದರಿಂದಲೇ ನನಗೆ ಗ್ರಿಸ್‌ನ ಚಿತ್ರದ ಪಕ್ಕ ಇಟ್ಟು ನೋಡುವ ಆಸೆ. ಮೆಕ್ಸಿಕೊದ ಡಿಯೆಗೊ ರಿವೇರಾ ಅಂದರೆ ನಮಗೆ ಗೋಡೆ ತುಂಬ ಕೂಲಿಕಾರರನ್ನು ಬರೆದವನು, ಫ್ರೀಡಾ ಕಾಲೋಳ ಗಂಡ. ಅದಕ್ಕೂ ಮೊದಲು ಅವನು ಪ್ಯಾರಿಸ್ಸಿನಲ್ಲಿ ನಾಲ್ಕೈದು ವರ್ಷ ಪಕ್ಕಾ ಕ್ಯೂಬಿಸ್ಟ್ ಆಗಿದ್ದ. ಗ್ರಿಸ್‌ನ ಪರಿಚಯ ಇತ್ತು, ಚಿತ್ರ ಕೊಳ್ಳುವ ವ್ಯಾಪಾರಿಯೂ ಅದೇ ರೋಸೆನ್‌ಬರ್ಗ್. ಮನೆಯಲ್ಲಿದ್ದವಳು ಆಂಜೆಲಿನಾ ಬೆಲೋಫ್. ರಷ್ಯದವಳು, ಅವನಿಗಿಂತ ಏಳು ವರ್ಷ ದೊಡ್ಡವಳು, ತಾನೂ ಚಿತ್ರ ಬರೆಯುವವಳು, ಕೆತ್ತನೆ ಮಾಡುವವಳು. 1909ರಲ್ಲಿ ಬೆಲ್ಜಿಯಂನ ಬ್ರೂಜ್ ಊರಲ್ಲಿ ಭೇಟಿಯಾದವರು. 1916ರ ಆಗಸ್ಟ್‌ನಲ್ಲಿ ಗಂಡುಮಗು ಹುಟ್ಟಿತು. ಅಪ್ಪನ ಹೆಸರನ್ನೇ ಇಟ್ಟರು. ರಿವೇರಾ ಅದೇ ವರ್ಷ ‘ತಾಯ್ತನ: ಆಂಜೆಲಿನಾ ಮತ್ತು ಮಗು ಡಿಯೆಗೊ’ ಎಂಬ ಚಿತ್ರ ಬರೆದ. ಈಗ ಮೆಕ್ಸಿಕೊ ನಗರದ ಕಾರಿಯೋ ಹಿಲ್ ಮ್ಯೂಸಿಯಂನಲ್ಲಿದೆ.

ಅದರಲ್ಲೂ ಹೆಂಡತಿ ಕುರ್ಚಿಯಲ್ಲಿ ಕೂತಿದ್ದಾಳೆ. ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಗ್ರಿಸ್‌ನ ಚಿತ್ರಕ್ಕಿಂತ ಇದರಲ್ಲಿ ಬಣ್ಣ ಜಾಸ್ತಿ. ನೇರ ಅಂಚಿನ ಹಾಳೆಗಳ ನಡುವೆ ದುಂಡು ಆಕಾರಗಳು ಬರುತ್ತವೆ, ಕಣ್ಣು ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ತಾಯಿಯ ಮೈ ಎಲ್ಲಿ ಮುಗಿದು ಮಗು ಎಲ್ಲಿ ಶುರುವಾಯಿತು ಅಂತ ಗಡಿ ಹುಡುಕುವ ಆಟ ಇಲ್ಲೂ ಉಂಟು. ಆದರೆ ಹಾಲುಕುಡಿಯುವ ಕೂಸು ಮತ್ತು ತಾಯಿಯ ನಡುವೆ ಗಡಿ ಇಲ್ಲ ಎಂಬುದು ಕ್ಯೂಬಿಸಂ ಹೇಳಿಕೊಡಬೇಕಾದ ಸಂಗತಿ ಅಲ್ಲ.

ಮುಂದೆ ಆದದ್ದು ಕೆಟ್ಟ ಕಥೆ. ಯುದ್ಧದ ಪ್ಯಾರಿಸ್, ಒಲೆಗೆ ಕಲ್ಲಿದ್ದಲಿಲ್ಲ, ದುಡ್ಡಿಲ್ಲ. ಒಂದೂವರೆ ವರ್ಷ ತುಂಬುವ ಮೊದಲೇ ಮಗು ಕಾಯಿಲೆ ಬಿದ್ದು ತೀರಿಕೊಂಡಿತು. ರಿವೇರಾ ಆ ಕಾಲದಲ್ಲೇ ಮರೆವ್ನಾ ಎಂಬ ಇನ್ನೊಬ್ಬ ರಷ್ಯನ್ ಚಿತ್ರಕಾರ್ತಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದ. ಆಕೆಗೆ 1919ರಲ್ಲಿ ಅವನಿಂದ ಮಗಳು ಹುಟ್ಟಿದಳು. 1921ರಲ್ಲಿ ಅವನು ಮೆಕ್ಸಿಕೊಗೆ ಹೊರಟುಹೋದ. ಆಂಜೆಲಿನಾ ಪ್ಯಾರಿಸ್ಸಿನಲ್ಲೇ ಉಳಿದಳು. ಅವನು ಕರೆಸಿಕೊಳ್ಳಲಿಲ್ಲ.

ಇದೆಲ್ಲ ಗೊತ್ತಾದ ಮೇಲೆ ‘ತಾಯ್ತನ’ ಚಿತ್ರ ನೋಡಿದರೆ ಏನೇನೋ ಕಾಣಲು ಶುರುವಾಗುತ್ತದೆ. ಅಯ್ಯೋ, ಇಲ್ಲಿ ಅವಳನ್ನು ತುಂಡು ಮಾಡಿದ್ದಾನಲ್ಲ, ಇದೇ ಮುಂದಿನ ಬಿರುಕು, ಅಂತೆಲ್ಲ. ಗ್ರಿಸ್‌ನ ಚಿತ್ರ ನೋಡಿದರೆ ಅವೇ ತುಂಡುಗಳು ಎಷ್ಟು ಸಾಮರಸ್ಯದಿಂದ ಕೂತಿವೆ ಅಂತ ಕಾಣುತ್ತದೆ. ಈ ಥರದ ಬರಹಗಳು ಬೇಕಾದಷ್ಟು ಸಿಗುತ್ತವೆ. ಮುರಿದ ಗೆರೆ ಅಂದರೆ ಮುರಿದ ಮನಸ್ಸು! ಇದು ಸುಲಭದ ದಾರಿ, ನನಗೆ ಇದರಲ್ಲಿ ನಂಬಿಕೆ ಇಲ್ಲ. ಈ ಚಿತ್ರಕಾರರು ಗಿಟಾರನ್ನೂ ಮುರಿದರು, ಹಣ್ಣಿನ ತಟ್ಟೆಯನ್ನೂ ಮುರಿದರು, ದಿನಪತ್ರಿಕೆಯನ್ನೂ ಮುರಿದರು. ಗಿಟಾರಿನ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ.

ಇಬ್ಬರ ಹೆಸರನ್ನೂ ಮುಚ್ಚಿ, ಎರಡು ಚಿತ್ರಗಳನ್ನು ಗೊತ್ತಿಲ್ಲದವರ ಎದುರು ಇಟ್ಟು ಕೇಳಿ, ಇವರಲ್ಲಿ ಹೆಂಡತಿಯನ್ನು ಬಿಟ್ಟುಹೋದವನು ಯಾರು ಅಂತ. ನನ್ನ ಪ್ರಕಾರ ಜಾಸ್ತಿ ಜನ ಗ್ರಿಸ್ ಕಡೆ ಬೆರಳು ತೋರಿಸುತ್ತಾರೆ. ಅವನ ಚಿತ್ರ ತಣ್ಣಗಿದೆ, ಬಣ್ಣ ಸಪ್ಪೆ, ಹೆಣ್ಣು ಒಂಟಿ. ರಿವೇರಾನ ಚಿತ್ರದಲ್ಲಿ ಬಿಸಿ ಇದೆ, ಮಗು ಇದೆ, ಸಂಸಾರ ತುಂಬಿದೆ. ಕೊನೆಯವರೆಗೂ ಜೊತೆಗಿದ್ದವನು ತಣ್ಣಗೆ ಬರೆದ. ಹೊರಟುಹೋದವನು ಪ್ರೀತಿ ಉಕ್ಕಿಸಿ ಬರೆದ. ಆ ಪ್ರೀತಿ ಆ ಹೊತ್ತಿಗೆ ಸುಳ್ಳು ಅಂತಲೂ ನಾನು ಹೇಳಲಾರೆ. ಚಿತ್ರಕ್ಕೆ ಭವಿಷ್ಯ ಗೊತ್ತಿರುವುದಿಲ್ಲ. ಬರೆಯುವವನು ಎಷ್ಟು ಹತ್ತಿರ ನಿಂತಿದ್ದ, ಎಷ್ಟು ಹೊತ್ತು ನೋಡಿದ, ಯಾವುದನ್ನು ನೋಡಲು ಬೇಜಾರು ಮಾಡಿಕೊಳ್ಳಲಿಲ್ಲ ಎಂಬುದಷ್ಟೇ ಅದರಲ್ಲಿ ಸಿಗುವುದು. ದಾಂಪತ್ಯದಲ್ಲಿ ಅದು ಸಣ್ಣ ಸಂಗತಿ ಅಲ್ಲ. ಆದರೆ ಅದೇ ಎಲ್ಲ ಅಲ್ಲ.

ಪಿಕಾಸೊ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದ ಅನಿಸುತ್ತದೆ. 1911-12ರಲ್ಲಿ ಏವಾ ಎಂಬವಳ ಮೇಲೆ ಹುಚ್ಚು ಪ್ರೀತಿ ಹುಟ್ಟಿದಾಗ ಅವನ ಚಿತ್ರಗಳು ಎಷ್ಟು ಚೂರಾಗಿದ್ದವು ಅಂದರೆ ಅದರೊಳಗೆ ಹೆಣ್ಣನ್ನು ಗುರುತಿಸುವುದೇ ಆಗುತ್ತಿರಲಿಲ್ಲ. ಆಗ ಅವನು ಮಾಡಿದ್ದು ಸರಳ ಕೆಲಸ. ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ‘ನನ್ನ ಚೆಲುವೆ’ ಅಂತ ಬರೆದ. ಅವಳನ್ನು ತುಂಬ ಪ್ರೀತಿಸುತ್ತೇನೆ, ಚಿತ್ರಗಳ ಮೇಲೆ ಅದನ್ನು ಬರೆಯುತ್ತೇನೆ ಅಂತ ಕಾನ್‌ವೈಲರ್‌ಗೆ ಕಾಗದದಲ್ಲೂ ತಿಳಿಸಿದ. ರೂಪದಲ್ಲಿ ಪ್ರೀತಿ ತೋರಿಸಲು ಆಗದಿದ್ದರೆ ಅಕ್ಷರದಲ್ಲಿ ಬರೆದುಬಿಡುವುದು. ಇದು ಕ್ಯೂಬಿಸಂನ ಸೋಲೋ ಗೆಲುವೋ, ಓದುವವರೇ ಹೇಳಲಿ. ನನಗಂತೂ ಅದು ಚೆನ್ನಾಗಿದೆ ಅನಿಸುತ್ತದೆ.

ಆದರೂ ಒಂದು ತಕರಾರು ಉಳಿದೇ ಇದೆ. ಎಲ್ಲ ಕಡೆಯಿಂದ ನೋಡುತ್ತೇವೆ ಎಂದ ಈ ಪಂಥ ದಾಂಪತ್ಯದ ವಿಷಯಕ್ಕೆ ಬಂದಾಗ ಒಂದೇ ಕಡೆಯಿಂದ ನೋಡಿತು. ಜೋಸೆಟ್‌ಗೆ ಆ ಹಳ್ಳಿಯ ಕೋಣೆಯಲ್ಲಿ ಗ್ರಿಸ್ ಹೇಗೆ ಕಂಡ? ಹಲಗೆಯ ಹಿಂದಿನಿಂದ ಆಗಾಗ ಇಣುಕುವ ಒಂದು ತಲೆ, ಬಣ್ಣದ ವಾಸನೆ, ‘ಅಲ್ಲಾಡಬೇಡ’ ಎಂಬ ಮಾತು? ಅಥವಾ ಅವನು ಕೂರಿಸದೆ ನೆನಪಿನಿಂದಲೇ ಬರೆದುಕೊಂಡನೇ, ಅವಳು ಒಳಗೆ ಬೇರೆ ಕೆಲಸದಲ್ಲಿ ಇದ್ದಳೇ? ಕುರ್ಚಿಯ ಕಡೆಯಿಂದ ಕಾಣುವ ಗಂಡನನ್ನು ಬರೆದ ಚಿತ್ರ ನಮ್ಮ ಮುಂದೆ ಇಲ್ಲ.

ಆಂಜೆಲಿನಾ ಒಬ್ಬಳು ಮಾತ್ರ ಕುರ್ಚಿಯಿಂದ ಎದ್ದು ತಾನೇ ಹೊರಟಳು. 1932ರಲ್ಲಿ ಮೆಕ್ಸಿಕೊಗೆ ಬಂದಳು, ಆದರೆ ಡಿಯೆಗೊನ ಮನೆಗಲ್ಲ. ಆ ಹೊತ್ತಿಗೆ ಅವನು ಫ್ರೀಡಾಳ ಗಂಡ. ಇವಳು ಅಲ್ಲೇ ನೆಲೆ ನಿಂತು ಕಲೆ ಕಲಿಸಿದಳು, ಕೆತ್ತನೆ ಚಿತ್ರಗಳನ್ನು ಮಾಡಿದಳು, ಮಕ್ಕಳ ಬೊಂಬೆಯಾಟಕ್ಕೆ ದುಡಿದಳು. ಡಿಯೆಗೊ 1957ರಲ್ಲಿ ಸತ್ತ. ಅವಳು ಇನ್ನೂ ಹನ್ನೆರಡು ವರ್ಷ ಬದುಕಿ 1969ರಲ್ಲಿ ಅದೇ ಊರಲ್ಲಿ ತೀರಿಕೊಂಡಳು. ತನ್ನ ನೆನಪುಗಳನ್ನು ತಾನೇ ಬರೆದಿಟ್ಟಿದ್ದಳು, ಅದು ಪುಸ್ತಕವಾಗಿ ಬಂದದ್ದು 1986ರಲ್ಲಿ.